ರಾಗಿಯಲ್ಲೂ ಇದೆ, ಭಾವ

ಆ ಕೊನೆಯ ಮಾತನ್ನು ನಾನು ಬಾಯಿಬಿಟ್ಟು ಹೇಳಿದೆನೋ, ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾದೆನೋ – ಇಷ್ಟು ವರ್ಷ ನನಗೆ ಖಚಿತವಿರಲಿಲ್ಲ. ಉಳಿದದ್ದು ಖಚಿತ. ಗಿರಿಜಕ್ಕ, ನಿನ್ನ ಗಂಡನಿಗೆ ನಾನು ಸುಳ್ಳು ಹೇಳಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ ಅದರ ಭಾರವನ್ನು ನೀನು ಹೊತ್ತು ನಡೆಯುವುದನ್ನು ನೋಡುತ್ತ ಕೂತೆ.

ನೆನಪನ್ನು ನಾನು ನಂಬುವವನಲ್ಲ. ಗುಬ್ಬಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಿದ್ದೆ – ಕಂಡದ್ದನ್ನು ಕಂಡ ಕೂಡಲೇ ಬರೆದುಕೊಳ್ಳಿ, ನಾಳೆಯ ಹೊತ್ತಿಗೆ ಮನಸ್ಸು ತನಗೆ ಬೇಕಾದ ಬಣ್ಣ ಬಳಿದಿರುತ್ತದೆ ಎಂದು. ಆ ಮಧ್ಯಾಹ್ನಕ್ಕೆ ನಾನು ಎಷ್ಟು ಸಲ ಬಣ್ಣ ಬಳಿದಿದ್ದೇನೋ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆಯ ಗೃಹಪ್ರವೇಶ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಕೊತ್ತಗೆರೆಯಿಂದ ಬಂದ ಭಾವ – ಬೀಜ ಗೊಬ್ಬರದ ಅಂಗಡಿಯ ಷಡಕ್ಷರಪ್ಪ, ಗಟ್ಟಿ ಗಂಟಲು, ಹಣೆತುಂಬ ವಿಭೂತಿ – ಬಾಗಿಲಲ್ಲೇ ಶುರುಮಾಡಿದರು. ನನ್ನ ಕಾಲೇಜಿನವರೆಲ್ಲ ಅಲ್ಲೇ ಕೂತಿದ್ದರು.

"ಏನ್ಲಾ ಸೈನ್ಸು! ದೇವ್ರಿಲ್ಲ ಅನ್ನೋನು ಪೂಜೆಗೆ ಮಡಿ ಉಟ್ಕಂಡು ಕುಂತಿದ್ಯಲ್ಲೋ? ಹೊಗೆ ಹೆಂಗೈತೆ?"

ಎಲ್ಲರೂ ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ಭಾವ ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಉರಿಯಿತು. ಕಾರಣ ಇಷ್ಟೇ ಸಣ್ಣದು – ಇದಕ್ಕಿಂತ ದೊಡ್ಡದನ್ನು ಹುಡುಕಿದೆ, ಸಿಗಲಿಲ್ಲ.

ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಬಂತು. ಭಾವ ಎಲೆಯ ಬೆನ್ನಿಗೆ ಸುಣ್ಣ ಸವರುತ್ತ ಹೇಳಿದರು. ನಡೆದರೆ ಎದೆ ಹಿಡಿದಂತಾಗುತ್ತಿತ್ತಂತೆ, ತುಮಕೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿ ಹೃದಯದ ಸ್ಕ್ಯಾನ್ ಮಾಡಿಸಿದರಂತೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂದು ಅಳೆದು ಅಂಕ ಕೊಡುವ ಸ್ಕ್ಯಾನ್ ಅದು. ಅಂಕ ಹೆಚ್ಚಿದಷ್ಟೂ ಅಪಾಯ.

"ನಿನ್ಗಿಂತ ಜಾಸ್ತಿ ಮಾರ್ಕ್ಸ್ ತಗಂಡಿವ್ನಿ ಕಣೋ," ಎಂದು ನಕ್ಕರು. ಆಮೇಲೆ ಬೆರಳ ತುದಿಯ ಸುಣ್ಣವನ್ನೇ ನೋಡುತ್ತ, ದನಿ ತಗ್ಗಿಸಿ – ನನ್ನ ಎದುರು ಅವರು ದನಿ ತಗ್ಗಿಸಿದ್ದು ಅದೊಂದೇ ಸಲ – ಕೇಳಿದರು. "ಕ್ಯಾಲ್ಸಿಯಂ ಅಂದ್ರೆ ಇದೇ ಅಲ್ವೇನ್ಲಾ? ಎಳೇ ವಯಸ್ಸಿಂದ ತಿಂದಿದ್ದೆಲ್ಲ ಅಲ್ಲೋಗಿ ಕಟ್ಕಂತಾ?"

ಅಲ್ಲ ಎಂದು ನನಗೆ ಗೊತ್ತಿತ್ತು. ನಾಳದ ಗೋಡೆಯಲ್ಲಿ ಕೊಬ್ಬು ಸೇರಿ, ಗಾಯವಾಗಿ, ಆ ಗಾಯದ ಮೇಲೆ ದೇಹ ತಾನೇ ಗಾರೆ ಹಾಕಿಕೊಳ್ಳುತ್ತದೆ. ಬಾಯಿಗೆ ಹಾಕುವ ಸುಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ನಿಮಿಷದಲ್ಲಿ ಹೇಳಬಹುದಿತ್ತು. ಹೆದರಿದ ಮನುಷ್ಯನೊಬ್ಬ ಮೊದಲ ಸಲ ನನ್ನ ಓದಿನ ಮುಂದೆ ಕೈಚಾಚಿದ್ದ –

"ರಾಗಿಯಲ್ಲೂ ಇದೆ, ಭಾವ," ಎಂದೆ. "ಸುಣ್ಣಕ್ಕಿಂತ ಮುದ್ದೇನೇ ಡೇಂಜರ್. ಹಾಲೂ ಅಷ್ಟೆ."

"ಮುದ್ದೆ ಬುಟ್ರೆ ಕರಗ್ತದಾ?"

"ಕರಗದೆ?"

ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಮುಖ ಮುಚ್ಚಿಕೊಂಡು ನಕ್ಕದ್ದು ನೆನಪಿದೆ. ಆಮೇಲೆ ಭಾವ ಡಾಕ್ಟರು ಬರೆದ ಮಾತ್ರೆಯ ವಿಷಯ ಎತ್ತಿದರು. ಅದಕ್ಕೆ ನಾನು ಏನೆಂದೆ – ಅಲ್ಲಿಗೆ ಬಂದರೆ ನೆನಪು ಮಸುಕು. ಒಂದು ವಾಕ್ಯ ತಲೆಯಲ್ಲಿದೆ. ಅದು ನನ್ನ ಬಾಯಿಂದ ಹೊರಬಂದದ್ದು ಮಾತ್ರ ಕಾಣುವುದಿಲ್ಲ.

ಭಾವ ಸುಣ್ಣ ಬಿಟ್ಟರು, ಹಾಲು ಬಿಟ್ಟರು, ಮುದ್ದೆ ಬಿಟ್ಟರು. ಕುಣಿಗಲ್ ಸೀಮೆಯ ಗಂಡಸು ಮುದ್ದೆ ಬಿಟ್ಟ! ನೀನು ಫೋನಿನಲ್ಲಿ ಹೇಳುತ್ತಿದ್ದೆ – "ಅನ್ನ ಎಷ್ಟುಂಡ್ರೂ ಹೊಟ್ಟೆ ತುಂಬಲ್ಲ ಅಂತಾರೆ ಕಣೋ. ಆದ್ರೂ ನೀನೇಳಿದ್ದು ಮೀರಲ್ಲ." ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಭಾವನ ದನಿಯಲ್ಲೇ ಆಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಕೆಲವರು ಮತ್ತೊಮ್ಮೆ ಹೇಳಿಸುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ, ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಕುಸಿದರು. ತುಮಕೂರು ತಲುಪಲಿಲ್ಲ.

ಶಿವಗಣಾರಾಧನೆಯ ದಿನ ನೀನು ನನ್ನನ್ನು ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದೆ. "ಹಿಂದಿನ್ ದಿನ ಕಾಡಿ ಬೇಡಿ ಮುದ್ದೆ ಮಾಡಿಸ್ಕಂಡ್ರು ಕಣೋ. ಬಸ್ಸಾರಲ್ಲಿ ಎರಡು ಉಂಡ್ರು. ಮಗೀನಂಗೆ ನಗಾಡ್ಕಂಡು ಉಂಡ್ರು. ನೀನು ಬೇಡ ಅಂದಿದ್ದೆ. ನಾನೇ ಕೊಂದ್ನಲ್ಲೋ?"

ಇಲ್ಲ ಎನ್ನಬೇಕಿತ್ತು. ಒಂದೇ ಪದ. ಅದನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. "ಆಗಿದ್ದಾಯ್ತು, ಬುಡಕ್ಕ," ಎಂದೆ – ಕ್ಷಮಿಸಿದವನ ಹಾಗೆ! ನೀನು ನನ್ನ ಕೈ ಹಿಡಿದುಕೊಂಡೆ.

ಅವತ್ತಿನಿಂದ ನೀನು ರಾಗಿ ಮುಟ್ಟಿಲ್ಲ. ಯಡಿಯೂರಿನ ದೇವರಿಗೆ ಹರಕೆಯೆಂದು ನೆಂಟರು ತಿಳಿದಿದ್ದಾರೆ. ಹರಕೆಯಲ್ಲವೆಂದು ನನಗೊಬ್ಬನಿಗೇ ಗೊತ್ತು.

ಮುದ್ದೆ ಕೊಲ್ಲಲಿಲ್ಲ ಅಕ್ಕ. ಅವರು ಹೊಟ್ಟೆತುಂಬ ಉಂಡದ್ದು ಆ ಒಂದು ರಾತ್ರಿಯೇ, ಅದು ನಿನ್ನಿಂದ. ಮಾತ್ರೆ ನುಂಗಿದ್ದರೆ ಉಳಿಯುತ್ತಿದ್ದರು ಎಂದು ನಾನು ಆಣೆ ಮಾಡಲಾರೆ, ಯಾರೂ ಮಾಡಲಾರರು. ಆದರೆ ಉಳಿಯುವ ದಾರಿಯೊಂದಿತ್ತು, ಅದರ ಬಾಯಲ್ಲಿ ನಾನು ಅಡ್ಡ ನಿಂತಿದ್ದೆ. ಈ ಭಾನುವಾರ ಕೊತ್ತಗೆರೆಗೆ ಬಂದು, ಬರೆದಿಟ್ಟ ಇದನ್ನು ನಿನ್ನೆದುರು ಓದುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓದುತ್ತೇನೆ.

ಇಷ್ಟು ವರ್ಷ ಒಂದೇ ಅನುಮಾನದ ನೆರಳಲ್ಲಿ ಬದುಕಿದ್ದೆ – ನನ್ನನ್ನು ಅಷ್ಟು ಆಡಿಕೊಳ್ಳುತ್ತಿದ್ದ ಮನುಷ್ಯ ನನ್ನ ಮಾತು ಕೇಳಿ ಮಾತ್ರೆ ಬಿಟ್ಟಿರಲಾರ, ಮುದ್ದೆ ಬಿಟ್ಟರೂ ಮಾತ್ರೆ ನುಂಗಿಯೇ ನುಂಗಿರುತ್ತಾನೆ ಎಂದು. ಹೋದ ವಾರ ಅದನ್ನೂ ಪರೀಕ್ಷಿಸಿದೆ. ಭಾವ ಔಷಧಿ ಕೊಳ್ಳುತ್ತಿದ್ದ ಕುಣಿಗಲ್ಲಿನ ಅಂಗಡಿಗೆ ಹೋದೆ. ಯಜಮಾನರಿಗೆ ಈಗ ವಯಸ್ಸಾಗಿದೆ. ಬೇರೆ ಯಾರನ್ನೋ ನೆನೆಸಿಕೊಳ್ಳುತ್ತಿರಬಹುದೇ ಎಂದು ತಿರುತಿರುಗಿ ಕೇಳಿದೆ. ಅವರಿಗೆ ಸಿಟ್ಟು ಬಂತು.

"ಷಡಕ್ಷರಪ್ಪನ್ನ ಮರೀತೀನೇನ್ರೀ? ಮಾತ್ರೆ ಪಾಕೀಟು ಒಡೀದೆ ಹಂಗೇ ವಾಪಸ್ ತಂದಿಟ್ರು. ನಾನು ಜಗಳಾನೇ ಆಡ್ದೆ. 'ಏಯ್, ನಮ್ ಸೈನ್ಸು ಹೇಳವ್ನೆ ಕಣಯ್ಯ, ಒಳಕ್ಕೋಗೋದ್ನೇ ನಿಲ್ಸುದ್ಮೇಲೆ ಮಾತ್ರೆ ಯಾಕೆ ಅಂತ. ನಿನ್ಗಿಂತ ಓದವ್ನೆ ಅವ್ನು' ಅಂದ್ರು."

ನನ್ನ ತಲೆಯಲ್ಲಿದ್ದ ವಾಕ್ಯ ಅದೇ.