ಎರಡು ಐಡಾ ಬೆಟ್ಟಗಳು

ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರಂಚಿನಲ್ಲಿ ಸದಾ ನೀಲಿ ಬಣ್ಣ. ನಕ್ಷೆಯಲ್ಲಿ ನದಿ ಬಳಿದು ಬಳಿದು ಅಂಟಿಕೊಂಡದ್ದು, ತೊಳೆದರೂ ಹೋಗುತ್ತಿರಲಿಲ್ಲ. ಮೈಸೂರಿನವರು. ನೈರೋಬಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿ ನಿವೃತ್ತರಾಗಿ, ಅಲ್ಲಿನ ಹೈರಿಡ್ಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಮಗಳಿಗೆ ಸಂಜೆ ಪಾಠ ಹೇಳುತ್ತಿದ್ದರು.

ಹಳೆಯ ಗ್ರೀಕರ ನಕ್ಷೆ ಬರೆಸುವಾಗ ಮೊದಲು ಕಡಲು, ನದಿ, ಬೆಟ್ಟ, ಹೆಸರು ಕೊನೆಗೆ. ಅಲ್ಲಿ ಒಂದೇ ಹೆಸರಿನ ಜಾಗಗಳು ರಾಶಿ ರಾಶಿ. ಮಗಳು ಒಮ್ಮೆ ಬರೀ ‘ಐಡಾ’ ಎಂದು ಬರೆದಿದ್ದಕ್ಕೆ ಅರ್ಧ ಮಾರ್ಕು ಕಿತ್ತುಕೊಂಡರು.

“ಯಾವ ಐಡಾ, ಪುಟ್ಟಿ? ಕ್ರೀಟ್ ದ್ವೀಪದ್ದೋ, ಟ್ರಾಯ್ ಪಕ್ಕದ್ದೋ? ಒಂದ್ರಲ್ಲಿ ದೇವತೆಗಳ ರಾಜ ಕೂಸಾಗಿ ಬೆಳೆದ. ಇನ್ನೊಂದ್ರಲ್ಲಿ ಕೂತು ಯುದ್ಧ ನೋಡ್ದ.”

“ಸೇಮ್ ನೇಮ್, ಅಂಕಲ್. ಹೂ ಕೇರ್ಸ್?”

“ದಾರಿ ಹುಡುಕ್ಕೊಂಡು ಬರೋನಿಗೆ ಬೇಕಮ್ಮ,” ಎಂದು ನಕ್ಕರು.

ನೀರಿನ ಟ್ಯಾಂಕರ್ ತರಿಸಿದರೂ ಅವರದು ಅದೇ ಚಾಳಿ: ಹಸಿರು ಗೇಟು, ಎದುರಿಗೆ ಮಸೀದಿ ಎಂದು ಎರಡು ಗುರುತು ಹೇಳದೆ ಫೋನ್ ಇಡುತ್ತಿರಲಿಲ್ಲ. ಯಾಕೆಂದರೆ ಹತ್ತಿರದ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಕಟ್ಟಡದ ಹೆಸರಿನದೇ ಇನ್ನೊಂದು ಕಟ್ಟಡವಿತ್ತು. ನಾವು ಗಂಡ ಹೆಂಡತಿ ಅವರನ್ನು ಆಡಿಕೊಂಡು ನಗುತ್ತಿದ್ದೆವು.

ಒಂದು ಮಧ್ಯಾಹ್ನ ಹುಳಿ ಕೊಡಲು ಹೋದೆ. ಮೇಷ್ಟ್ರು ಮೇಜಿನ ಪಕ್ಕ ನೆಲದ ಮೇಲೆ ಬಿದ್ದಿದ್ದರು, ಬಾಯಿ ಒಂದು ಕಡೆಗೆ ಎಳೆದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿ ಕಟ್ಟಡದ ಹೆಸರು ಕೂಗಿ ಇಟ್ಟುಬಿಟ್ಟೆ.

“ಹೇಳಿದ್ಯಾ ತಾಯಿ... ಯಾವುದು ಅಂತ?” ಎಂದರು, ತೊದಲುತ್ತ.

“ಹೇಳಿದೀನಿ ಮೇಷ್ಟ್ರೇ.”

ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡು ಮಲಗಿದರು. ಆಗ ನೆನಪಾಯಿತು, ಹೇಳಿರಲಿಲ್ಲ. ಮತ್ತೆ ಫೋನ್ ಹಚ್ಚಿದರೆ ಲೈನ್ ಸಿಗಲಿಲ್ಲ. ಆಂಬುಲೆನ್ಸ್ ಇನ್ನೊಂದು ಕಟ್ಟಡದ ಮುಂದೆ ನಿಂತು, ವಿಚಾರಿಸಿಕೊಂಡು ಬರುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಮೇಷ್ಟ್ರು ಆಸ್ಪತ್ರೆಯ ದಾರಿಯಲ್ಲೇ ತೀರಿಹೋದರು.

ಬೇಗ ಬಂದಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಎಂದರು ಡಾಕ್ಟರು. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಮೇಲಿನ ಮನೆಗೆ ಹೋಗಿ, ಕುಂಚ ಅದ್ದಿಟ್ಟ ನೀಲಿ ನೀರು ಚೆಲ್ಲಿ ಲೋಟ ತೊಳೆದಿಟ್ಟೆ.

ಸ್ಕೂಲಿನಿಂದ ಬಂದ ಮಗಳಿಗೆ ಗೇಟಿನ ಕಾವಲುಗಾರ, ಆಂಬುಲೆನ್ಸ್ ದಾರಿ ತಪ್ಪಿದ್ದೂ ಸೇರಿ, ಎಲ್ಲ ಹೇಳಿದ್ದ. ಅವಳು ಬ್ಯಾಗು ಕೂಡ ಇಳಿಸದೆ ಕೇಳಿದಳು: “ಅಮ್ಮಾ, ಯಾವ ಬಿಲ್ಡಿಂಗ್ ಅಂತ ಹೇಳಿದ್ಯಾ?” ಅಪರೂಪಕ್ಕೆ ಕನ್ನಡದಲ್ಲಿ.

“ಹೇಳಿದ್ದೆ,” ಎಂದೆ.

ಮೇಷ್ಟ್ರು ನಂಬಿದ್ದರು. ಅವಳು ನಂಬಲಿಲ್ಲ.