ತಂಗಿಗೆ ಸಿಕ್ಕ ಎರಡು ಸೀಟು

ನನ್ನ ತಂಗಿಗೆ ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಸಿಕ್ಕಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೆಂಗಳೂರಿನಲ್ಲಿ, ಹೆಸರು ಹೇಳಿದರೆ ಓದಿದವರು ತಲೆದೂಗುವಂಥ ಜಾಗ. ಇನ್ನೊಂದು ಮೈಸೂರಿನಲ್ಲಿ, ನಂಜನಗೂಡಿನ ನಮ್ಮ ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರಬಹುದಾದದ್ದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ.

ಅಪ್ಪ ನೀರಾವರಿ ಇಲಾಖೆಯಲ್ಲಿ ನಾಲೆಗೆ ನೀರು ಬಿಡುವ ಕೆಲಸದಲ್ಲಿದ್ದರು. ಬೆಂಗಳೂರಿನ ಕಾಗದವನ್ನು ಹುಲ್ಲಹಳ್ಳಿಯ ಕಚೇರಿಗೆ ಒಯ್ದು ತೋರಿಸಿದಾಗ ಇಂಜಿನಿಯರ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಓದಿದರಂತೆ. ಅಷ್ಟು ವರ್ಷದ ಸರ್ವೀಸಿನಲ್ಲಿ ಅಪ್ಪನ ಮುಂದೆ ಯಾರೂ ಎದ್ದಿರಲಿಲ್ಲ. ಮೈಸೂರಿನ ಕಾಗದವನ್ನು ಅವರು ಒಯ್ಯಲೇ ಇಲ್ಲ.

ತಂಗಿಗೆ ಪಾಚಿಯ ಹುಚ್ಚು. ಹೊಳೆ, ನಾಲೆ, ಕೊನೆಗೆ ನಮ್ಮ ಬಚ್ಚಲ ತೊಟ್ಟಿಯ ಪಾಚಿಯನ್ನೂ ಬಾಟಲಿಗೆ ತುಂಬಿ ಕಿಟಕಿಯಲ್ಲಿಡುತ್ತಿದ್ದಳು. ಎರಡೂ ಕಡೆಯ ಇಂಟರ್‌ವ್ಯೂಗೆ ಅವಳ ಬ್ಯಾಗಿನಲ್ಲಿ ಒಂದು ಬಾಟಲಿ ಹೋಗಿತ್ತು. ಜೊತೆಗೆ ನಾನೂ ಹೋಗಿದ್ದೆ. ಬೆಂಗಳೂರಿನವರು ಬಹಳ ಮರ್ಯಾದೆಯಿಂದ ಮಾತಾಡಿಸಿ, ಇಲ್ಲಿ ಪಾಚಿಯ ಕೆಲಸ ಮಾಡುವವರಿಲ್ಲ, ಬೇರೆ ವಿಷಯ ಆರಿಸಿಕೊಳ್ಳಬಹುದು ಅಂದರಂತೆ. ಮೈಸೂರಿನಲ್ಲಿ ಒಬ್ಬ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು, ಯಾವ ನಾಲೆ, ಯಾವ ತಿಂಗಳು ಎಂದು ಕೇಳುತ್ತ ಊಟದ ಹೊತ್ತು ಮೀರಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಹಸಿವಾಗಿತ್ತು.

ಅಪ್ಪ ತೀರ್ಮಾನವನ್ನು ದೇವರಿಗೆ ಬಿಟ್ಟರು. ಅವ್ವನ ತವರು ತಿ. ನರಸೀಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಮಾರಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ದೇವರ ಎರಡೂ ಕಡೆ ಒದ್ದೆ ಹೂ ಅಂಟಿಸಿ, ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ಒಂದು ಗಂಟೆ ಕೂತೆವು. ಬಲಗಡೆಯದು ಬಿತ್ತು. ಪೂಜಾರಿ ಗಂಟೆ ಬಾರಿಸಿದ, ಸೋದರಮಾವ ಕಾಯಿ ಒಡೆಸಿದ, ಎಲ್ಲರೂ ಉಂಡೆವು.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ, "ಯಾವ್ದು ಅಂತ ಕೇಳ್ದೆ, ಅಪ್ಪ?" ಅಂದಳು.

ಅಪ್ಪ ಪ್ರಸಾದದ ಪೊಟ್ಟಣವನ್ನು ತೊಡೆಯ ಮೇಲೆ ಸರಿಮಾಡಿಟ್ಟುಕೊಂಡರು. "ಮಗೀಗೆ ಒಳ್ಳೇದಾಯ್ತದಾ ಅಂತ ಕೇಳ್ದೆ ಕಣವ್ವ. ಎಲ್ಲಿ ಅಂತ ಕೇಳ್ನಿಲ್ಲ."

ಬಲಗಡೆ ಕೊಟ್ಟ ದೇವರನ್ನು ಮತ್ತೆ ಕೇಳುವ ಹಾಗಿಲ್ಲ. ಅನುಮಾನಪಟ್ಟ ಹಾಗಾಗುತ್ತದೆ.

ಹಾಗಾಗಿ ಆ ವಾರ ತಂಗಿ ನನ್ನನ್ನು ಕೇಳಿದಳು. ನಾನು ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಪಾಚಿ ನೋಡುವವರೇ ಇಲ್ಲದ ಕಡೆ ಹೋಗಿ ಏನು ಮಾಡುತ್ತೀಯ, ಮೈಸೂರಿಗೇ ಹೋಗು ಅಂದೆ. ಮಾತು ಸರಿಯಾಗಿಯೇ ಇತ್ತು. ಆದರೆ ಹೇಳುವಾಗ ನನ್ನ ಮನಸ್ಸಿನಲ್ಲಿ ಪಾಚಿ ಇರಲಿಲ್ಲ. ಅವಳು ಹಾಸ್ಟೆಲ್ಲಿಗೆ ಹೋದರೆ ಮನೆಯಲ್ಲಿ ಅಪ್ಪ ಮತ್ತು ನಾನು ಮಾತ್ರ, ಅಪ್ಪ ಮಾತಾಡುವವರಲ್ಲ ಎಂಬುದಿತ್ತು.

ಅವಳು ಮೈಸೂರಿಗೆ ಹೋದಳು. ಆಮೇಲೆ ತಿ. ನರಸೀಪುರದ ಕಾಲೇಜೊಂದರಲ್ಲಿ ಲೆಕ್ಚರರ್ ಆದಳು. ನೆಂಟರು ಸೇರಿದಾಗಲೆಲ್ಲ ಯಾರಾದರೂ, ಬೆಂಗಳೂರಿಗೆ ಹೋಗಿದ್ದರೆ ಇಷ್ಟೊತ್ತಿಗೆ ಎಲ್ಲಿರುತ್ತಿದ್ದಳೋ ಎನ್ನುತ್ತಿದ್ದರು. "ಬೆಂಗ್ಳೂರ್ಗೇ ಓಯ್ತಿದ್ಲು. ದಾರೀಲಿ ಪಾಚಿ ತುಳ್ದು ಜಾರ್ಬುಟ್ಲು," ಎನ್ನುವುದು ಸೋದರಮಾವನ ಖಾಯಂ ಮಾತು. ತಂಗಿ ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದಳು. ತಲೆ ತಗ್ಗಿಸುತ್ತಿದ್ದವಳು ನಾನು.

ಹತ್ತು ವರ್ಷದ ಮೇಲೆ ಅವಳಿಗೆ ಕಾಯಿಲೆಯಾಯಿತು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ದಿನ, ಕಿತ್ತಳೆ ಸುಲಿಯುತ್ತ ನಾನು ಹೇಳಿಬಿಟ್ಟೆ, ಅವತ್ತು ಮೈಸೂರು ಅಂದದ್ದು ನಿನಗೋಸ್ಕರ ಅಲ್ಲ, ನನಗೋಸ್ಕರ ಎಂದು.

"ಗೊತ್ತು," ಅಂದಳು. "ನಿನ್ನ ಕೇಳೋ ವೊತ್ಗೆ ನಾನು ಆಗ್ಲೇ ಮೈಸೂರ್‌ಗೆ ಓಗಿ ಸೇರ್ಕಂಡು ಬಂದಿದ್ದೆ ಕಣಕ್ಕ."

"ಮತ್ಯಾಕೆ ಕೇಳ್ದೆ?"

"ನೀನು ನನ್ನ ಬೆಂಗ್ಳೂರ್ಗೆ ಕಳಿಸ್ಬುಟ್ಟಿಯೇನೋ ಅಂತ ನೋಡ್ದೆ."

ಇಷ್ಟು ವರ್ಷ ಹೊತ್ತಿದ್ದ ತಪ್ಪು ನನ್ನದಲ್ಲ ಎಂದು ತಿಳಿದಾಗ ಹಗುರಾಗಬೇಕಿತ್ತು. ನನಗೆ ಸಿಟ್ಟು ಬಂತು. ಕಿತ್ತಳೆಯಲ್ಲಿ ಅರ್ಧ ಅವಳಿಗೆ ಕೊಟ್ಟು ಇನ್ನರ್ಧ ನಾನು ತಿಂದೆ. ಅವಳ ತಿಥಿ ಕಳೆದ ಮೇಲೂ ಆ ಸಿಟ್ಟು ಹಾಗೇ ಇದೆ. ಜಗಳ ಆಡೋಣವೆಂದರೆ ಅವಳಿಲ್ಲ.