ಐದು ಮೊಳೆ, ಐದು ಬಟ್ಟೆ, ಒಂದು ಶಲ್ಯ

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೂರನೇ ದಿನ ನಮ್ಮತ್ತೆ ನನ್ನನ್ನು ಅಡುಗೆಮನೆಯ ಗೋಡೆಯೆದುರು ನಿಲ್ಲಿಸಿ ಪಾಠ ಶುರುಮಾಡಿದರು. ಗೋಡೆಯಲ್ಲಿ ಸಾಲಾಗಿ ಐದು ಮೊಳೆ. ಒಂದೊಂದು ಮೊಳೆಗೆ ಒಂದೊಂದು ಬಟ್ಟೆ.

ಅರವತ್ತರ ದಶಕದ ಮಾತಿದು. ಅತ್ತೆಮನೆಯವರ ಹಾಗೆ ನಮ್ಮದೂ ನೇಯುವವರ ಕುಲವೇ. ಆದರೆ ನಮ್ಮಪ್ಪ ಮಗ್ಗ ಬಿಟ್ಟು ಬಂಡಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದ. ಅಲ್ಲಿ ನಮ್ಮ ಅಡುಗೆಮನೆಗೆಲ್ಲ ಒಂದೇ ಬಟ್ಟೆ. ಅವ್ವ ಅದರಲ್ಲೇ ಬಿಸಿ ಮಡಕೆ ಇಳಿಸುತ್ತಿದ್ದಳು, ಕೈ ಒರೆಸಿಕೊಳ್ಳುತ್ತಿದ್ದಳು, ಒಳಗೆ ನುಗ್ಗಿದ ಪಕ್ಕದ ಮನೆಯ ಕೋಳಿಯನ್ನು ಬೀಸಿ ಅಟ್ಟುತ್ತಿದ್ದಳು, ಅವಸರವಿದ್ದರೆ ತಮ್ಮನ ಮೂಗನ್ನೂ ಅದರಲ್ಲೇ ಹಿಂಡುತ್ತಿದ್ದಳು. ನಾವೆಲ್ಲ ಗಟ್ಟಿಮುಟ್ಟಾಗಿಯೇ ಬೆಳೆದಿದ್ದೆವು.

ಅತ್ತೆಯ ಲೆಕ್ಕವೇ ಬೇರೆ. ಬಾಗಿಲ ಪಕ್ಕದ ಮೊಳೆಯಲ್ಲಿದ್ದದ್ದು ಮಸಿಬಟ್ಟೆ. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದದ್ದು, ಒಲೆಯಿಂದ ಪಾತ್ರೆ ಇಳಿಸುವುದಕ್ಕೆ ಮಾತ್ರ. ಅದರಾಚೆ ಕಾಫಿ ಸೋಸುವ ಬಟ್ಟೆ. ಅದರಾಚೆ ಮುದ್ದೆ ಆರದಂತೆ ಮುಚ್ಚುವ ಒದ್ದೆ ಬಟ್ಟೆ. ಆಮೇಲೆ ತೊಳೆದ ತಟ್ಟೆ ಒರೆಸುವುದು, ಕೊನೆಗೆ ಕೈ ಒರೆಸುವುದು. "ಮರ್ತುಬಿಟ್ಟೀಯ, ಬಾಯಲ್ಲಿ ಯೋಳು ನೋಡ್ವ," ಎಂದು ನನ್ನಿಂದ ಮಗ್ಗಿಯಂತೆ ಒಪ್ಪಿಸಿಕೊಂಡರು. ನಾನು ಮೂರನೆಯದಕ್ಕೇ ತಪ್ಪಿದೆ.

ಅದೇ ವಾರ ಬೆಳ್ಳುಳ್ಳಿ ಕಾರ ಅರೆದ ಕೈಯನ್ನು ಕಾಫಿ ಬಟ್ಟೆಗೆ ಒರೆಸಿಬಿಟ್ಟೆ. ಮಾವ ಮಗ್ಗದ ಗುಂಡಿಯಲ್ಲಿ ಕೂತು ಕಾಫಿ ಕುಡಿದರು. ಲೋಟ ಕೆಳಗಿಟ್ಟು, "ಕಾಫಿ ಚೆನ್ನಾಗದೆ ಕಣವ್ವಾ. ಮುದ್ದೆ ಒಂದಿದ್ದಿದ್ರೆ ಉಂಡೇ ಬುಡ್ತಿದ್ದೆ," ಎಂದರು. ಮಾವ ಯಾರ ಮನಸ್ಸನ್ನೂ ನೋಯಿಸದವರು. ವರ್ಷಗಟ್ಟಲೆ ರೇಷ್ಮೆ ಎಳೆ ನೋಡಿ ನೋಡಿ ಅವರ ಕಣ್ಣು ಮಾತ್ರ ಮಂಜಾಗಿತ್ತು.

ಹೀಗಿರುವಾಗ ನನ್ನ ನಾದಿನಿಯನ್ನು ನೋಡಲು ಯಳಂದೂರಿನಿಂದ ಹುಡುಗನ ಕಡೆಯವರು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಹನೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅವನ ಅಪ್ಪ ರೇಷ್ಮೆಗೂಡಿನ ವ್ಯಾಪಾರಿ, ಭಾರೀ ತಿಳಿದವರೆಂಬ ಹೆಸರಿತ್ತು. ಅತ್ತೆಗೆ ನೆಲ, ಗೋಡೆ, ಪಾತ್ರೆ ಎಲ್ಲ ತಿಕ್ಕಿದ ಮೇಲೂ ಸಮಾಧಾನವಾಗಲಿಲ್ಲ. ಅವರು ಬರುವ ದಿನ ಬೆಳಿಗ್ಗೆ ಮೊಳೆಯಲ್ಲಿದ್ದ ಐದೂ ಬಟ್ಟೆಗಳನ್ನು ಕಿತ್ತು ಹಿತ್ತಲಿನ ಬಕೀಟಿನಲ್ಲಿ ಸೋಡಾ ನೀರಿಗೆ ಅದ್ದಿದರು.

"ಅತ್ತೆ, ಪಾತ್ರೆ ಯಾವುದ್ರಲ್ಲಿ ಇಳ್ಸದು?" ಎಂದೆ.

"ಆ ಕರೀ ಬಟ್ಟೆ ಕಂಡ್ರೆ ಕೊಳಕರ ಮನೆ ಅಂದ್ಕೊತಾರೆ. ಒಂದೊತ್ತು ಎಂಗೋ ಮಾಡ್ಕೊ. ರೇಷ್ಮೆ ಸೀರೆ ಸೆರಗ ಮಾತ್ರ ಒಲೆ ತಾವ್ಕೆ ತರಬ್ಯಾಡ, ಉಸಾರು."

ಬಂದವರು ಮೂವರು: ಹುಡುಗ, ಅವನ ಅಪ್ಪ, ಅವ್ವ. ಅಪ್ಪನ ಹೆಗಲ ಮೇಲೆ ಹಾಲಿನಂಥ ಬಿಳಿ ಶಲ್ಯ. ಬಸ್ಸಿನ ಧೂಳು ತೊಳೆದುಕೊಳ್ಳಲು ಅವರು ಹಿತ್ತಲಿಗೆ ಬಂದು, ಶಲ್ಯವನ್ನು ಅಡುಗೆಮನೆಯ ಬಾಗಿಲ ಪಕ್ಕದ ಹಗ್ಗದ ಮೇಲೆ ಹಾಕಿದರಂತೆ. ನಾನು ಕಂಡಿದ್ದರೆ ತಾನೆ? ನಾನು ಹಾಲು ಕಾಯಿಸುತ್ತಿದ್ದೆ. ಅಗಲ ಬಾಯಿಯ ದೊಡ್ಡ ಪಾತ್ರೆ, ಇಕ್ಕಳಕ್ಕೆ ಸಿಕ್ಕುವಂಥದ್ದಲ್ಲ. ಹಾಲು ಒಮ್ಮೆಲೇ ಉಕ್ಕಿ ಬಂತು. ಮೊಳೆಯ ಕಡೆ ಕೈ ಚಾಚಿದೆ, ಮೊಳೆ ಬೋಳು. ಬಾಗಿಲಾಚೆ ಕೈ ಹಾಕಿದರೆ ಒಂದು ಬಟ್ಟೆ ಸಿಕ್ಕಿತು. ಎಳೆದುಕೊಂಡು, ಎರಡೂ ತುದಿಯಲ್ಲಿ ಪಾತ್ರೆ ಹಿಡಿದು ಇಳಿಸಿ, ಬಟ್ಟೆಯನ್ನು ಮತ್ತೆ ಹಗ್ಗಕ್ಕೆ ಎಸೆದೆ. ಹಾಲು ಉಳಿಯಿತೆಂದು ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು.

ಕಾಫಿ ತಟ್ಟೆ ಹಿಡಿದ ನಾದಿನಿಯ ಹಿಂದೆ ನಡುಮನೆಗೆ ಬಂದಾಗಲೇ ಅದು ಯಾರ ಬಟ್ಟೆಯೆಂದು ನನಗೆ ತಿಳಿದದ್ದು. ಹುಡುಗನ ಅಪ್ಪನ ಎದೆಯ ಮೇಲೆ, ಶಲ್ಯದ ತುದಿಯಲ್ಲಿ, ಅಂಗೈಯಗಲದ ಕಪ್ಪು ಮಸಿ. ಅವರು ಬಾಗಿ ಉಪ್ಪಿಟ್ಟು ಬಾಯಿಗಿಟ್ಟಾಗ ಬೆನ್ನ ಮೇಲೂ ಅಂಥದ್ದೇ ಇನ್ನೊಂದು ಕಂಡಿತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸೂರನ್ನು ನೋಡಿದರು.

ಮಾವನಿಗೆ ಮಾತ್ರ ಅರ್ಥವಾಗಲಿಲ್ಲ. ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನಿಜವಾದ ಆಸಕ್ತಿಯಿಂದ ಕೇಳಿದರು: "ಯಜಮಾನ್ರೇ, ಶಲ್ಯದ ಬುಟ್ಟಾ ಬಾಳಾ ಒಸದಾಗದೆ. ಎಲ್ಲಿ ನೇಯ್ಸಿದ್ದು?"

ಹುಡುಗನ ಅಪ್ಪ ತಲೆ ತಗ್ಗಿಸಿ ನೋಡಿಕೊಂಡರು. ಒಂದು ಗಳಿಗೆ ಅವರ ಮುಖ ಪೆಚ್ಚಾಯಿತು. ಆದರೆ ತನಗೆ ಗೊತ್ತಿಲ್ಲ ಎಂಬ ಮಾತು ಆ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲವೇನೋ. ಗಂಟಲು ಸರಿಮಾಡಿಕೊಂಡು, "ಇದಾ? ಮೈಸೂರಲ್ಲಿ ತಕಂಡಿದ್ದು. ಈಗ ದೊಡ್ಡ ದೊಡ್ಡೋರೆಲ್ಲ ಇಂಥದ್ನೇ ಆಕದು," ಎಂದರು.

"ಒಂಟಿ ಬುಟ್ಟಾ!" ಮಾವ ಬೆರಗಾದರು. "ಜರಿ ಇಲ್ಲ, ಸುತ್ತ ಬಳ್ಳಿ ಇಲ್ಲ. ಧೈರ್ಯ ಬೇಕು ಕಣ್ರಿ ಇಂಗೆ ನೇಯಕೆ."

"ಅದೇ ಮತ್ತೆ! ಬೆಲೆ ಇರದೇ ಅದುಕ್ಕೆ."

ಹುಡುಗನ ಅವ್ವ ಗಂಡನ ಕಡೆ ತಿರುಗಿದರು. "ಬೆಳಿಗ್ಗೆ ನಾನೇ ಒಗ್ದು ಮಡಿಸ್ಕೊಟ್ಟೆ. ಆಗ ಇರ್ನಿಲ್ವಲ್ಲಾ ಬುಟ್ಟಾ?"

"ನಿಂಗೆ ಬಟ್ಟೆ ಇಚಾರ ಏನ್ ಗೊತ್ತು, ಸುಮ್ಕಿರು."

ಅಷ್ಟರಲ್ಲಿ ಮೇಷ್ಟ್ರು ಪಾಠದ ಪುಸ್ತಕ ಪರೀಕ್ಷಿಸುವವರಂತೆ ಅಪ್ಪನ ಬೆನ್ನ ಮೇಲಿನ ಬುಟ್ಟಾವನ್ನು ಬೆರಳಿಂದ ಉಜ್ಜಿ ನೋಡಿದರು. ಬೆರಳು ಕಪ್ಪಾಯಿತು. ಅದೇನೆಂದು ಯೋಚಿಸುತ್ತ, ಅದೇ ಬೆರಳಲ್ಲಿ ಮೂಗು ಕೆರೆದುಕೊಂಡರು.

ತಲೆ ತಗ್ಗಿಸಿ ಕೂತಿದ್ದ ನಾದಿನಿ ಅದೇ ಹೊತ್ತಿಗೆ ತಲೆ ಎತ್ತಬೇಕೇ! ತುಟಿ ಕಚ್ಚಿದಳು, ಸೆರಗು ಬಾಯಿಗೆ ತುರುಕಿಕೊಂಡಳು, ತಡೆಯಲಾಗದೆ ಗೊಳ್ಳೆಂದು ನಕ್ಕಳು. ಹುಡುಗಿ ನೋಡುವ ಶಾಸ್ತ್ರದಲ್ಲಿ ಹುಡುಗಿ ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹುಡುಗನ ಅವ್ವ ಮಗನ ಮೂಗು ನೋಡಿ ತಾವೂ ಶುರುಮಾಡಿದರು. ಮೇಷ್ಟ್ರು ಯಾಕೆಂದು ತಿಳಿಯದಿದ್ದರೂ ಮರ್ಯಾದೆಗೆ ಜೊತೆಗೂಡಿ ನಕ್ಕರು.

ನನಗೆ ತಡೆಯಲಾಗಲಿಲ್ಲ. "ನಂದೇ ತಪ್ಪು, ಮಾವ. ಆಲು ಉಕ್ತಿತ್ತು. ಅವರ ಶಲ್ಯದಲ್ಲಿ ಪಾತ್ರೆ ಇಳ್ಸುಬುಟ್ಟೆ," ಎಂದು ಅಳುವ ದನಿಯಲ್ಲಿ ಒಪ್ಪಿಕೊಂಡೆ.

ಹುಡುಗನ ಅಪ್ಪ ನಿಧಾನವಾಗಿ ಶಲ್ಯ ತೆಗೆದು ತೊಡೆಯ ಮೇಲೆ ಹರಡಿಕೊಂಡು ಎರಡೂ ಮಸಿಯನ್ನು ನೋಡಿದರು. "ಆಲು ಉಳೀತಾ?" ಎಂದರು.

"ಉಳೀತು."

"ಅಂಗಾದ್ರೆ ಇನ್ನೊಂದ್ ಲೋಟ ಕಾಫಿ ತಕಬಾವ್ವಾ," ಎಂದವರೇ ಹೊಟ್ಟೆ ಕುಣಿಸಿಕೊಂಡು ನಗಲು ಶುರುಮಾಡಿದರು.

ಹುಡುಗನ ಅವ್ವ ಅತ್ತೆಯೊಂದಿಗೆ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಮಸಿಬಟ್ಟೆ ಎಲ್ಲಿ ಎಂದು ಕೇಳಿದಾಗ ಅತ್ತೆ ನಾಚಿಕೊಂಡು ಹಿತ್ತಲಿನ ಬಕೀಟು ತೋರಿಸಿದರು. ಅವರು ಒಂದೊಂದಾಗಿ ಎತ್ತಿ ನೋಡಿ, "ಐದಾ? ನಮ್ಮನೇಲಿ ಒಂದೇ ಕಣಕ್ಕಾ. ಅದೂ ಎಲ್ಲದೆ ಅಂತ ಉಡುಕಬೇಕು," ಎಂದರು. ಶಲ್ಯ ಹಾಳಾದದ್ದಕ್ಕಿಂತ ಈ ಮಾತಿಗೇ ಅತ್ತೆಯ ಮುಖ ಹೆಚ್ಚು ಬಾಡಿತು.

ಹುಡುಗಿ ಒಪ್ಪಿಗೆಯೆಂದು ಹೇಳಿ ಅವರು ಬಸ್ಸಿಗೆ ಹೊರಟ ಮೇಲೆ ಅತ್ತೆ ಬೈಯುತ್ತಾರೆಂದು ಒಲೆಯ ಮುಂದೆ ಕಾದು ಕೂತೆ. ಅತ್ತೆ ಮಾತ್ರ ಉಳಿದ ಕೇಸರಿಬಾತಿನ ಪಾತ್ರೆಯನ್ನು ನಮ್ಮ ಮೂವರ ನಡುವೆ ಇಟ್ಟು ಕೂತರು. "ಧೈರ್ಯ ಬೇಕು ಕಣ್ರಿ," ಎಂದು ಮಾವನ ದನಿಯಲ್ಲೇ ಹೇಳಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನನ್ನ ಯಾರೂ ಕೇಳ್ನೇ ಇಲ್ಲ," ಎಂದಳು ನಾದಿನಿ.

"ಕೇಳ್ದೆ ಅಂದ್ಕೊ. ಒಪ್ಗೆನಾ?" ಎಂದರು ಅತ್ತೆ.

ಅವಳು ಕೇಸರಿಬಾತಿನಲ್ಲಿದ್ದ ದ್ರಾಕ್ಷಿಯನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತ, "ಮಳೆಗಾಲ ಬರ್ಲಿ. ಈ ಸೆಕೆಲಿ ನಾನು ಮದ್ವೆ ಆಗಕಿಲ್ಲ," ಎಂದಳು.